ತಪಾಸಣೆಯ ದಿನದ ರೋಗಿ

ಹೆಂಡತಿಗೂ ಹೇಳದ್ದನ್ನು ಈಗ ಬರೆಯುತ್ತಿದ್ದೇನೆ. ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ನಾನು ಮೇಲ್ವಿಚಾರಕನಾಗಿದ್ದೆ. ಅದರ ಆಸ್ಪತ್ರೆ ಆಗಿನ್ನೂ ಹೊಸದು, ಹಾಸಿಗೆಗಳಿದ್ದವು, ರೋಗಿಗಳಿರಲಿಲ್ಲ. ಮಾನ್ಯತೆ ಕೊಡುವ ತಂಡ ತಪಾಸಣೆಗೆ ಬಂದಾಗಲೆಲ್ಲ ಬೀಳಗಿ ಕಡೆಯ ಹಳ್ಳಿಗಳಿಂದ ಬಸ್ಸಿನಲ್ಲಿ ಜನರನ್ನು ತಂದು ಮಲಗಿಸುವುದು ನನ್ನ ಕೆಲಸ.

ಅವರಲ್ಲಿ ಕುರಿ ಕಾಯುವ ಮನೆತನದ ಒಬ್ಬ ಹೆಂಗಸು ತಪ್ಪದೆ ಬರುತ್ತಿದ್ದಳು. ಬಿಳಿ ಚಾದರ ಮಾಸೀತೆಂದು ತನ್ನ ಕಂಬಳಿ ಹಾಸಿಕೊಂಡೇ ಮಲಗುವಳು. ಸೆರಗಿನಲ್ಲಿ ನಗು ಮುಚ್ಚಿಕೊಂಡು ಪ್ರತಿ ಸಲ ಕೇಳುವಳು: "ಇವತ್ತ ನನಗೇನ್ ಬ್ಯಾನಿರಿ, ಸಾಹೇಬ್ರ?"

"ಜ್ವರ. ನಕ್ಕಿ ಅಂದ್ರ ಊಟ ಇಲ್ಲ ನೋಡ."

"ಜ್ವರ ಬಂದಾಕಿಗೆ ಊಟ ಯಾಕ್ಬೇಕ್ರಿ?" ಎಂದು ವಾರ್ಡನ್ನೆಲ್ಲ ನಗಿಸುವಳು.

ಕೊನೆಯ ಸಲ ಆಕೆ ಆ ಪ್ರಶ್ನೆ ಕೇಳಲಿಲ್ಲ. ಹೊಟ್ಟೆ ಹಿಡಿದುಕೊಂಡು ಮಲಗಿದ್ದಳು.

"ಖರೇನ ಬ್ಯಾನಿ ಐತ್ರಿ. ಡಾಕ್ಟರ್‌ಗೆ ಹೇಳ್ಲೇನ್ರಿ?"

ತಂಡ ಬಾಗಿಲಿಗೆ ಬಂದಿತ್ತು. ಮಂಚದ ಚೀಟಿಯಲ್ಲಿ ಕಾಲುನೋವೆಂದು ಬರೆದಾಗಿತ್ತು. "ನಿನಗ ಕಾಲ್ನೋವು ಕೊಟ್ಟೇನಿ. ಹೊಟ್ಟಿ ಮಾತ ತಗದ್ರ ಎಲ್ಲಾರೂ ಸಿಕ್ಕೊಂಡ ಬೀಳ್ತೀವಿ" ಎಂದು ಗದರಿದೆ.

ತಂಡದ ದೊಡ್ಡ ಡಾಕ್ಟರರು ಬಳಿ ನಿಂತು ವಿಚಾರಿಸಿದರು. ಆಕೆ ನನ್ನತ್ತ ನೋಡಿ, ಕೈಯನ್ನು ಹೊಟ್ಟೆಯಿಂದ ಮೊಣಕಾಲಿಗೆ ಇಳಿಸಿದಳು.

"ಕಾಲ್ರಿ" ಎಂದಳು.

ಮಾನ್ಯತೆ ಸಿಕ್ಕಿತು. ಮಲಗಿದ್ದವರಿಗೆಲ್ಲ ಪೇಢೆ ಹಂಚುತ್ತ ಆಕೆಯ ಊರಿಗೂ ಹೋದೆ. ಆಕೆ ಹಿಂದಿನ ವಾರವೇ ತೀರಿಕೊಂಡಿದ್ದಳು. ಗಂಡ ನನಗೆ ನೀರು ಕೊಟ್ಟು ಕೇಳಿದ:

"ಹೊಟ್ಟಿ ಬ್ಯಾನಿ ಅಂತಿದ್ಲ್ರಿ. ಅಷ್ಟ ದೊಡ್ಡ ದವಾಖಾನಿಗೆ ನೀವ ಕರಕೊಂಡ ಹೋಗಿದ್ರೆಲ್ಲ, ಡಾಕ್ಟರ್ ಏನಂದಿದ್ರಿ?"

"ಏನೂ ಇಲ್ಲ ಅಂದಿದ್ರಪಾ" ಎಂದೆ.

ದೊಡ್ಡವರು ನೋಡಿದ್ದಾರಲ್ಲ ಎಂಬ ಸಮಾಧಾನದಲ್ಲಿ ಅವನು ತಲೆಯಾಡಿಸಿ, ನನಗೆ ಕೈ ಮುಗಿದ.