ಹೆದರಿಸುವವನನ್ನು ಯಾರು ಊಟಕ್ಕೆ ಕರೆಯುತ್ತಾರೆ

ದೆವ್ವದ ಸಿನಿಮಾ ನೋಡಿದರೆ ನನಗೆ ನಿದ್ದೆ ಬರುತ್ತದೆ. ಕೊರಟಗೆರೆಯಲ್ಲಿ ಕಚೇರಿ ಕೆಲಸ ಮಾಡುವ ಮೊಮ್ಮಗಳು ರೂಪಳಿಗೆ ಅದೇ ಹುಚ್ಚು. ಭಾನುವಾರ ಮಧ್ಯಾಹ್ನ ಮೊಬೈಲನ್ನು ರಾಗಿ ಡಬ್ಬಕ್ಕೆ ಒರಗಿಸಿ, ಜಪಾನಿನವನೊಬ್ಬ ತೆಗೆದ ಚಿತ್ರಗಳನ್ನು ಹಾಕುತ್ತಾಳೆ. ಒಂದರಲ್ಲಿ ಒದ್ದೆ ಕಾಲಿನ ಹೆಂಗಸು ಬಾಗಿಲ ಸಂದಿಯಲ್ಲಿ ನಿಂತೇ ಇರುತ್ತಾಳೆ.

"ಯಾರಾದ್ರೂ ಒಳಕ್ಕೆ ಕರೀಬಾರದೇನೇ ಅವಳ್ನ?" ಅಂದೆ.

"ಅಜ್ಜಿ, ಅದು ದೆವ್ವ ಕಣಜ್ಜಿ."

ರೂಪ ಹೇಳುವ ಪ್ರಕಾರ ಆ ಚಿತ್ರ ತೆಗೆದ ಮನುಷ್ಯ ಮೊದಲು ಬೇರೆಯವರ ಸಿನಿಮಾಗಳಿಗೆ ದೀಪ ಹಿಡಿಯುತ್ತಿದ್ದನಂತೆ. ಆಮೇಲೆ ಒಂದು ದೆವ್ವದ ಚಿತ್ರ ತೆಗೆದ, ದೇಶವೆಲ್ಲ ನಡುಗಿತು. ಅದನ್ನೇ ಮತ್ತೆ ತೆಗೆ ಅಂದರು, ತೆಗೆದ. ಅಮೆರಿಕದವರೂ ಕರೆಸಿಕೊಂಡು ಅದನ್ನೇ ತೆಗೆಸಿದರು. ವಯಸ್ಸಾದ ಮೇಲೆ, ಗಂಡ ಹೆಂಡತಿ ಅಂಗಡಿ ಇಟ್ಟುಕೊಂಡು ಬದುಕುವ ಸಾದಾ ಕತೆಯೊಂದನ್ನು ಆಸೆಪಟ್ಟು ತೆಗೆದ. ಬಂದ ನಾಲ್ಕು ಜನ ದೆವ್ವ ಯಾವಾಗ ಬರುತ್ತದೆಂದು ಕಾದು ಎದ್ದುಹೋದರಂತೆ.

"ಪಾಪ ಅಲ್ವಾ?" ಅಂದಳು.

"ಪಾಪ ಏನ್ ಬಂತು. ಕಸುಬು ಕಣೇ ಅದು."

ಅಂದೆನೇ ಹೊರತು, ಅವನ ವಿಷಯ ತಲೆಯಿಂದ ಹೋಗಲಿಲ್ಲ. ನಮ್ಮೂರು ತೋವಿನಕೆರೆಯಲ್ಲಿ ಮಗು ಬೆಚ್ಚಿದರೆ ದೃಷ್ಟಿ ತೆಗೆಯಲು ಕರೆಯುವುದು ನನ್ನನ್ನೇ. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ, ಮೂರು ದಾರಿ ಕೂಡುವಲ್ಲಿ ಚೆಲ್ಲಿ, ತಿರುಗಿ ನೋಡದೆ ಮನೆಗೆ ಬರಬೇಕು. ಹಿಂದಿನಿಂದ ಕರೆಯುವಂತಿಲ್ಲ, ಕಾಫಿ ಕೊಡುವಂತಿಲ್ಲ. ಕೊಟ್ಟರೆ ತೆಗೆದ ದೃಷ್ಟಿ ನನ್ನ ಜೊತೆಯಲ್ಲೇ ಅವರ ಮನೆಗೆ ವಾಪಸು ಬರುತ್ತದಂತೆ. ಹೀಗಾಗಿ ಊರಿನ ಎಲ್ಲ ಮನೆಗಳ ಹೊಸ್ತಿಲು ನನಗೆ ಗೊತ್ತು, ಒಳಗೆ ಹಾಸಿದ ಚಾಪೆ ಗೊತ್ತಿಲ್ಲ. ಜನಕ್ಕೆ ನನ್ನ ಮೇಲೆ ಕೋಪವಿಲ್ಲ. ಕೆಲಸವಿಲ್ಲದಾಗ ನೆನಪಿಲ್ಲ, ಅಷ್ಟೆ.

ಕಳೆದ ವಾರ ಪಕ್ಕದ ಮನೆಯ ಶಿವಮ್ಮನ ಮೊಮ್ಮಗುವಿಗೆ ತೊಟ್ಟಿಲ ಶಾಸ್ತ್ರ. ಕೇರಿಗೆಲ್ಲ ಹೇಳಿದ್ದರು, ನನಗೆ ಇಲ್ಲ. ಸಾಯುವುದರೊಳಗೆ ಒಂದು ಸಲ ನಾಲ್ಕು ಜನರ ಜೊತೆ ಪಂಕ್ತಿಯಲ್ಲಿ ಕೂತು ಉಣ್ಣಬೇಕು ಅನ್ನಿಸಿತು. ಒಳ್ಳೆ ಸೀರೆ ಉಟ್ಟು ನಡೆದೇಬಿಟ್ಟೆ.

ನನ್ನನ್ನು ಕಂಡು ಶಿವಮ್ಮನ ಮುಖ ಇಳಿಯಿತು. "ಯಾಕವ್ವ, ಕೂಸಿಗೇನಾದ್ರೂ ಆಗ್ತದಾ? ಇರು, ಮೆಣ್ಸಿನ್ಕಾಯಿ ತತ್ತೀನಿ."

"ಮೆಣ್ಸಿನ್ಕಾಯ ಸಾರಿಗೆ ಹಾಕು ಕಣಮ್ಮ. ನಾನು ಉಣ್ಣಾಕೆ ಬಂದಿವ್ನಿ. ಎಲೆ ಎಲ್ಲಿ?"

ಒಳಗಿನಿಂದ ಯಾರೋ, "ಕೂರ್ಸೇ, ಬಂದೋರ್ನ ಕಳ್ಸಾಕಾಯ್ತದಾ?" ಅಂದರು. ಕೂತೆ. ಎಡಗಡೆಯವಳು ತನ್ನ ಮಗುವನ್ನು ಎತ್ತಿಕೊಂಡು ಆಚೆ ಸಾಲಿಗೆ ಹೋದಳು. ಬಲಗಡೆಯ ಎಲೆಗೆ ಯಾರೂ ಬರಲಿಲ್ಲ. ಬೇಜಾರಾಗಲಿಲ್ಲ ಅಂದರೆ ಸುಳ್ಳು. ಖಾಲಿ ಕುರ್ಚಿಗಳ ನಡುವೆ ತನ್ನ ಸಾದಾ ಕತೆ ನೋಡುತ್ತ ಕೂತ ಆ ಜಪಾನಿನವನಿಗೆ ಹೇಗನ್ನಿಸಿರಬಹುದೆಂದು ಆಗ ತಿಳಿಯಿತು. ಅವನಂತೂ ಎದ್ದುಹೋಗಿರಲಾರ. ನಾನೂ ಏಳಲಿಲ್ಲ.

ತುಪ್ಪ ತಂದ ಸೊಸೆ ನನ್ನನ್ನು ನೋಡಿ ಬೆಚ್ಚಿ, ಹೋಳಿಗೆಯ ಮೇಲೆ ಸೌಟು ಪೂರ್ತಿ ಮಗುಚಿದಳು. ಹೆದರಿಸುವವಳೆಂದು ಹೆಸರಾದ ಮೇಲೆ ಅಷ್ಟಾದರೂ ಲಾಭ ಬೇಡವೇ? ಎಲೆ ಬಳಿದು ತಿಂದೆ.