ಮೀಟರ್ ಕೋಣೆಯಲ್ಲಿ ನಮ್ಮ ಸ್ವಿಚ್ಚು

ನನಗೆ ಮೊದಲಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲೇ. ನಮ್ಮ ಯಜಮಾನರು ರೈಲ್ವೆಯವರು, ಹಳದಿ ಸಿಗ್ನಲ್ ಕಂಡರೂ ನಿಂತುಬಿಡುವ ಪೈಕಿ. ಹಾಗಾಗಿ ಸೊಸೈಟಿ ಮೀಟಿಂಗಿಗೆ ಮನೆಯಿಂದ ಹೋಗುವವಳು ಯಾವಾಗಲೂ ನಾನೇ. ಹೋದರೆ ಜಗಳ ಆಡಿಯೇ ಬರುತ್ತೇನೆ ಎಂದು ಅವರ ದೂರು. ಆಡದೆ ಮತ್ತೆ? ನೀರಿನ ಟ್ಯಾಂಕರ್ ಬಂದಾಗ ನಮ್ಮ ವಿಂಗಿನ ಪಾಳಿ ಕೊನೆಗಿಟ್ಟರೆ ಬಾಯಿ ಮುಚ್ಚಿಕೊಂಡು ಕೂರಬೇಕೇ?

ಆ ವರ್ಷ ಏಪ್ರಿಲ್ ಕೊನೆಯಲ್ಲಿ ಮೀಟಿಂಗು ಕರೆದದ್ದು ಟ್ಯಾಂಕರಿಗಲ್ಲ, ವಿದರ್ಭಕ್ಕೆ. ಮೇ ಒಂದರಂದು ಸರ್ಕಾರ ಮಹಾರಾಷ್ಟ್ರ ದಿನ ಆಚರಿಸುತ್ತದೆ. ಮಹಾರಾಷ್ಟ್ರದ ಪೂರ್ವ ಭಾಗವಾದ ನಮ್ಮ ಈ ವಿದರ್ಭ ಬೇರೆ ರಾಜ್ಯವಾಗಬೇಕು ಎನ್ನುವವರು ಅದನ್ನೇ ಕರಾಳ ದಿನ ಎನ್ನುತ್ತಾರೆ. ಆ ಸಂಜೆ ಒಂದು ತಾಸು ಎಲ್ಲರೂ ಮನೆಯ ದೀಪ ಆರಿಸಬೇಕೆಂದು ಊರೆಲ್ಲ ಕರೆ ಹೊರಟಿತ್ತು. ನಮ್ಮ ಬಿಲ್ಡಿಂಗು ಇರುವುದು ಮನೀಶ್ ನಗರದಲ್ಲಿ, ದೊಡ್ಡ ರಸ್ತೆಗೆ ಮುಖ ಮಾಡಿಕೊಂಡು. ಕೆಳಗೆ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆವು. ಹೊತ್ತು ಮುಳುಗಿದ್ದರೂ ನೆಲ ಇನ್ನೂ ಕಾವು ಉಗುಳುತ್ತಿತ್ತು.

ಸೊಸೈಟಿಯ ಸೆಕ್ರೆಟರಿ ನಮ್ಮ ಪಕ್ಕದ ಮನೆಯವರೇ. ಕೋರಾಡಿಯ ವಿದ್ಯುತ್ ಕೇಂದ್ರದಲ್ಲಿ ದುಡಿದು ರಿಟೈರ್ ಆದವರು. ನಾನು ಅವರನ್ನು ಭಾವೂಜಿ ಎನ್ನುತ್ತೇನೆ, ಅವರು ನನ್ನನ್ನು ವಹಿನಿ ಎನ್ನುತ್ತಾರೆ, ಅತ್ತಿಗೆ ಎಂದು. ಅವರು ಎದ್ದು ನಿಂತು ಮರಾಠಿಯಲ್ಲಿ ಹೇಳಿದ ಮಾತು ನನಗೆ ಹಾಗೇ ನೆನಪಿದೆ. "ನನ್ನ ಇಡೀ ನೌಕರಿ ಕೋರಾಡಿಯ ಬೂದಿ ನುಂಗುವುದರಲ್ಲೇ ಕಳೆಯಿತು. ಕಲ್ಲಿದ್ದಲು ನಮ್ಮದು, ನೀರು ನಮ್ಮದು, ಕೆಮ್ಮು ನಮ್ಮದು. ಬೆಳಕು ಮಾತ್ರ ಮುಂಬೈಗೆ." ಹೇಳುತ್ತಾ ಹೇಳುತ್ತಾ ನಿಜಕ್ಕೂ ಕೆಮ್ಮಿದರು. ನನಗೆ ನಗು ಬರಲಿಲ್ಲ. ನನ್ನ ತವರು ಹುಬ್ಬಳ್ಳಿಗೆ ಹೋದಾಗಲೆಲ್ಲ ತಮ್ಮಂದಿರೂ ಇದೇ ರಾಗ ಎಳೆಯುತ್ತಾರೆ, ಎಲ್ಲಾ ಬೆಂಗಳೂರಿಗೇ ಹೋಗುತ್ತದೆ, ನಮಗೇನು ಉಳಿಯಿತು ಎಂದು. ಆ ಸಂಕಟ ನನಗೆ ಹೊಸದಲ್ಲ.

ಹಿಂದಿನ ವರ್ಷ ಕೆಲವರು ಪರದೆ ಎಳೆದುಕೊಂಡು ಒಳಗೆ ಎ.ಸಿ. ಹಾಕಿಕೊಂಡು ಕೂತಿದ್ದರಂತೆ. ಅದಕ್ಕೇ ಈ ಸಲ ಕೆಳಗಿನ ಮೀಟರ್ ಕೋಣೆಯಲ್ಲೇ ಎಲ್ಲರ ಮನೆಯ ಸ್ವಿಚ್ಚು ಇಳಿಸುವುದು, ಒಪ್ಪಿಗೆಯೋ ಇಲ್ಲವೋ ಎಂದು ಮನೆ ಮನೆಗೆ ಕೇಳುವುದು ಎಂದಾಯಿತು. ಸಾಲಾಗಿ ಕೇಳುತ್ತಾ ಬಂದರು. ನನ್ನ ಪಾಳಿ ಬಂದಾಗ ಕೆಳಮನೆಯ ಒಬ್ಬ ಮನುಷ್ಯ, "ಇವರನ್ನು ಯಾಕೆ ಕೇಳೋದು, ಇವರು ಕರ್ನಾಟಕದವರು" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಮೆಂಟೇನೆನ್ಸ್ ವಸೂಲಿಗೆ ಬರುವಾಗ ಕರ್ನಾಟಕ ನೆನಪಾಗುವುದಿಲ್ಲವೇ ಎಂದು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಭಾವೂಜಿಯೇ, "ವಹಿನಿ ತರ್ ಆಮ್ಚ್ಯಾಚ್" ಎಂದರು. ವಹಿನಿ ನಮ್ಮವರೇ. ನಾನು ಎರಡು ಕೈಯನ್ನೂ ಎತ್ತಿದೆ. ಮೀಟಿಂಗಿನಿಂದ ಖುಷಿಯಾಗಿ ಮನೆಗೆ ಬಂದದ್ದು ಅದೊಂದೇ ಸಲ ಇರಬೇಕು.

ಮನೆಯೊಳಗೆ ಕಾಲಿಟ್ಟಾಗ ಅವ್ವನ ಮಶೀನು ಗುಯ್‌ಗುಡುತ್ತಿತ್ತು. ಕೆಳಗೆ ಸ್ವಿಚ್ಚು ಇಳಿಸಿದರೆ ಇದೂ ನಿಲ್ಲುತ್ತದೆ ಎಂದು ಆಗಲೇ ನನಗೆ ಹೊಳೆದದ್ದು.

ಅವ್ವ ನಮ್ಮಲ್ಲಿಗೆ ಬಂದು ವರ್ಷವಾಗಿತ್ತು. ಒಲೆಯ ಹೊಗೆ ಕುಡಿದು ಕುಡಿದು ಅವಳ ಪುಪ್ಪುಸ ಸೋತಿತ್ತು. ಹಗಲೂ ರಾತ್ರಿ ಮೂಗಿಗೆ ನಳಿಕೆ, ಮಂಚದ ಪಕ್ಕ ಕರೆಂಟಿನ ಮೇಲೆ ನಡೆಯುವ ಆಕ್ಸಿಜನ್ ಮಶೀನು. ಕರೆಂಟು ಹೋದರೆ ಇರಲಿ ಎಂದು ಬಾಡಿಗೆಯ ಸಿಲಿಂಡರೂ ಒಂದಿತ್ತು. ಆದರೆ ಸಿಲಿಂಡರಿನಿಂದ ಕೆಲಸವಾಗಲಿಲ್ಲ. ಸ್ವಲ್ಪ ದಿನದ ಹಿಂದೆ ಕರೆಂಟು ಹೋಗಿದ್ದಾಗ, ಕತ್ತಲೆಗೆ ಉಸಿರು ಕಟ್ಟಿದಂತಾಗಿ ಅವ್ವ ನಳಿಕೆಯನ್ನೇ ಕಿತ್ತು ಎಸೆದಿದ್ದಳು. ಟಾರ್ಚು ಹಿಡಿದರೆ ನೆರಳು ನೋಡಿ ಇನ್ನಷ್ಟು ಚೀರಿದಳು. ಯಜಮಾನರು ಕೈ ಹಿಡಿದುಕೊಂಡರು, ನಾನು ನಳಿಕೆ ಸಿಕ್ಕಿಸಿದೆ, ಅವಳು ಮತ್ತೆ ಕಿತ್ತಳು. ತುಟಿ ನೀಲಿಯಾಗಿತ್ತು. ದೀಪ ಬರುವ ಹೊತ್ತಿಗೆ ನಮ್ಮಿಬ್ಬರ ಜೀವ ಬಾಯಿಗೆ ಬಂದಿತ್ತು. ಇನ್ನೊಂದು ಸಲ ಹಾಗಾದರೆ ಕಷ್ಟ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು.

ನಾನು ಹೋಗಿ ಹೇಳಬೇಕಾಗಿಯೇ ಬರಲಿಲ್ಲ. ದಿನಾ ಸಂಜೆ ಭಾವೂಜಿ ಬಾಗಿಲು ತಟ್ಟದೆ ಒಳಗೆ ಬಂದು ಅವ್ವನ ಮಂಚದ ಹತ್ತಿರ ಕೂರುವ ರೂಢಿ. ಅವ್ವ ಚಿಕ್ಕವಳಿದ್ದಾಗ ಕಲಿತದ್ದು ಮರಾಠಿ ಶಾಲೆಯಲ್ಲಿ. ಅವಳ ಮರಾಠಿ ನನ್ನದಕ್ಕಿಂತ ಎಷ್ಟೋ ಮೇಲು. "ಆಜಿ, ನಾವಿಬ್ಬರೂ ಹೊಗೆಯ ಗಿರಾಕಿಗಳು" ಎಂದು ಅವರು ಛೇಡಿಸುವುದು, "ನಿನಗ ಪಗಾರ ಕೊಟ್ಟು ಕುಡಿಸ್ಯಾರ, ನನಗ ಯಾರ್ ಕೊಟ್ರು?" ಎಂದು ಇವಳು ಮರಾಠಿಯಲ್ಲೇ ತಿರುಗಿಸುವುದು. ಅವತ್ತೂ ಬಂದರು. ಬಂದವರೇ, "ಆಜಿ ಇದ್ದಾರಲ್ಲ ವಹಿನಿ, ನಿಮ್ಮ ಸ್ವಿಚ್ಚು ನಾನು ಮುಟ್ಟುವುದಿಲ್ಲ. ಒಂದು ದೀಪವನ್ನೂ ಹಚ್ಚಿಕೊಳ್ಳಿ, ಅವರು ಹೆದರಬಾರದು" ಎಂದರು.

ಅವ್ವ ನಕ್ಕಳು. "ನಮ್ಮಪ್ಪ ಕರ್ನಾಟಕ ಕೂಡ್ಲಿ ಅಂತ ಪೊಲೀಸರ ಲಾಠಿ ತಿಂದ. ನೀವು ಒಡೀಲಿ ಅಂತ ದೀಪ ಆರಸ್ತೀರಿ. ಆರಸ್ರಿ, ಚಳವಳಿ ಅಂದ್ರ ಚಳವಳಿ. ನನ್ನ ಸಲುವಾಗಿ ಏನೂ ಬಿಡಬ್ಯಾಡ್ರಿ" ಎಂದಳು. ಭಾವೂಜಿ ಕಿವಿ ಹಿಡಿದುಕೊಂಡು, "ಆಜಿ, ನೀವು ಉಸಿರಾಡಿರಿ, ಚಳವಳಿ ನಾವು ಮಾಡುತ್ತೇವೆ" ಎಂದರು.

ಅವರು ಹೋದ ಮೇಲೆ ನಮ್ಮ ಯಜಮಾನರು ಗೊಣಗಿದರು. "ಇಡೀ ಬಿಲ್ಡಿಂಗ್‌ನಾಗ ನಮ್ದೊಂದ ಲೈಟ್ ಹತ್ತಿದ್ರ ಚೊಲೋ ಕಾಣಂಗಿಲ್ಲ."

"ಚೊಲೋ ಕಾಣಾಕ ನಮ್ಮವ್ವನ ಜೀವಾ ತಗೀಲೇನು?" ಎಂದು ನಾನು ಹರಿಹಾಯ್ದೆ.

ಮೇ ಒಂದರ ಸಂಜೆ ಹೇಳಿದ ಹೊತ್ತಿಗೆ ಸರಿಯಾಗಿ ಬಿಲ್ಡಿಂಗು ಕತ್ತಲಾಯಿತು. ಮಹಡಿ ಮಹಡಿಯ ಕೂಲರುಗಳ ಸದ್ದು ಒಟ್ಟಿಗೇ ನಿಂತಿತು. ಬಾಲ್ಕನಿಗಳಲ್ಲಿ ಜನ ಬಂದು ನಿಂತರು, ಯಾರೋ ಘೋಷಣೆ ಶುರು ಮಾಡಿದರು, "ವೇಗಳಾ ವಿದರ್ಭ" ಎಂದು, ಬೇರೆ ವಿದರ್ಭ. ಎದುರಿನ ಬಿಲ್ಡಿಂಗೂ ಕತ್ತಲಲ್ಲಿತ್ತು. ನಾನೂ ದನಿಗೂಡಿಸಿದೆ. ಅವ್ವನ ಕೋಣೆಯಲ್ಲಿ ಒಂದು ಸಣ್ಣ ಬಲ್ಬು, ಕಿಟಕಿಗೆ ದಪ್ಪ ಪರದೆ. ಅಷ್ಟೇ ನಮ್ಮ ಬೆಳಕು. ರಕ್ತದ ಆಕ್ಸಿಜನ್ ಅಳೆಯಲು ಅವಳ ಬೆರಳಿಗೆ ಹಾಕಿದ ಮೀಟರು ತೊಂಬತ್ತೆರಡು ತೋರಿಸುತ್ತಿತ್ತು. ಅವಳ ಮಟ್ಟಿಗೆ ಅದು ರಾಜನ ಆರೋಗ್ಯ.

ವಾರ್ಧಾ ರೋಡಿನ ಕಡೆಯಿಂದ ಪಂಜಿನ ಮೆರವಣಿಗೆ ಬಂತು. ಹಿರಿಯರು, ಹೆಂಗಸರು, ಶಾಂತವಾಗಿ ನಡೆದುಹೋದರು. ಹಿಂದೆ ಬಂದ ಬೈಕುಗಳ ಗುಂಪು ಮಾತ್ರ ನಮ್ಮ ಗೇಟಿನೆದುರು ನಿಂತಿತು. ಕತ್ತಲ ಗೋಡೆಯಲ್ಲಿ ನಾಲ್ಕನೇ ಮಹಡಿಯ ನಮ್ಮದೊಂದು ಪರದೆ ಕೆಂಪಗೆ ಕಾಣುತ್ತಿದ್ದದ್ದು ಅವರ ಕಣ್ಣಿಗೆ ಬಿದ್ದಿತ್ತು.

"ಏ, ಲೈಟ್ ಬಂದ್ ಕರ್!"

ಮೊದಲು ಒಬ್ಬ ಕೂಗಿದ, ಆಮೇಲೆ ಹತ್ತಾರು ಜನ. ಹಾರ್ನು ಬಾರಿಸಿದರು. "ಗದ್ದಾರ್! ಗದ್ದಾರ್!" ಎಂದರು. ದ್ರೋಹಿಗಳಂತೆ ನಾವು. ಇವರ ಬಾಯಾಗ ಮಣ್ಣು ಹಾಕ ಎಂದು ಬೈಯುತ್ತಲೇ ನಾನು ಅವ್ವನ ಮಂಚದ ಹತ್ತಿರ ಓಡಿದೆ. ಅವಳಿಗೆ ಗಾಬರಿಯಾಗಿ ಉಸಿರು ಏರತೊಡಗಿತ್ತು. ಯಜಮಾನರ ಕೈ ಬಲ್ಬಿನ ಸ್ವಿಚ್ಚಿನ ಮೇಲಿತ್ತು. "ಆರಸ್ಲೇನು? ಮಶೀನ್ ಇರ್ತೈತಿ, ಬರೇ ಲೈಟ್" ಎಂದರು. ಅವ್ವ ನಳಿಕೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಬಲ್ಬನ್ನೇ ನೋಡುತ್ತಿದ್ದಳು. ಆರಿದರೆ ಕಿತ್ತು ಬಿಡುತ್ತಾಳೆ ಎಂದು ನನಗೆ ಖಾತ್ರಿಯಿತ್ತು. "ಮುಟ್ಟಿದ್ರ ನೋಡ್ರಿ!" ಎಂದು ಚೀರಿದೆ.

ಆಗಲೇ ಕಲ್ಲು ಬಂದದ್ದು. ಬಾಲ್ಕನಿಯ ಕೂಲರಿನ ತಗಡಿಗೆ ಬಡಿದು ಭಾರೀ ಸದ್ದಾಯಿತು. ಬೆರಳಿನ ಮೀಟರು ಎಂಬತ್ತೆಂಟಕ್ಕೆ ಇಳಿಯಿತು.

ಪಕ್ಕದ ಬಾಲ್ಕನಿಯಿಂದ ಭಾವೂಜಿಯ ದನಿ ಕೇಳಿತು. "ಆಜಿ ಆಜಾರಿ ಆಹೇ! ಮಶೀನ್‌ವರ್ ಆಹೇ!" ಅಜ್ಜಿಗೆ ಹುಷಾರಿಲ್ಲ, ಮಶೀನಿನ ಮೇಲಿದ್ದಾಳೆ ಎಂದು ಗಂಟಲು ಹರಿಯುವಂತೆ ಕೂಗಿದರು. ಕೆಳಗೆ ನಕ್ಕರು. ಎಲ್ಲರ ಮನೆಯಲ್ಲೂ ಇವತ್ತೇ ಅಜ್ಜಿಗೆ ಹುಷಾರಿಲ್ಲ ಎಂದು ಯಾರೋ ಅಂದ. ಭಾವೂಜಿ ಇನ್ನೊಮ್ಮೆ ಅದನ್ನೇ ಕೂಗಿದರು, ಕೆಮ್ಮು ಒತ್ತಿ ಬಂತು, ಕೆಮ್ಮಿದರು. ಎರಡನೆಯ ಕಲ್ಲು ಗೋಡೆಗೆ ಬಿತ್ತು.

ಆಮೇಲೆ ಅವರು ಇನ್ನೊಂದು ಮಾತು ಕೂಗಿದರು.

"ಬಾಹೇರ್ಚೇ ಆಹೇತ್ ರೇ ತೇ! ಕರ್ನಾಟಕ್‌ಚೇ! ಸೋಡಾ!"

ಹೊರಗಿನವರು ಕಣ್ರೋ ಅವರು, ಕರ್ನಾಟಕದವರು, ಬಿಟ್ಟುಬಿಡಿ.

ಕೆಳಗೆ ಗದ್ದಲ ಇಳಿಯಿತು. ಅಚ್ಛಾ, ಬಾಹರ್‌ವಾಲೇ, ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಬೈಕುಗಳು ಚಾಲೂ ಆದವು, ಹೋದವು. ಹುಷಾರಿಲ್ಲದ ಮುದುಕಿಗೆ ಬಗ್ಗದವರು ಆ ಒಂದು ಮಾತಿಗೆ ಬಗ್ಗಿದರು. ನಮ್ಮ ಮೇಲೆ ಅವರಿಗೆ ಸಿಟ್ಟೂ ಉಳಿದಿರಲಿಲ್ಲ. ಲೆಕ್ಕಕ್ಕೇ ಇಲ್ಲದವರ ಮೇಲೆ ಯಾರು ಸಿಟ್ಟಾಗುತ್ತಾರೆ?

ಒಂದು ತಾಸು ಮುಗಿದು ಎಲ್ಲರ ಮನೆಗೂ ಕರೆಂಟು ಬಂದ ಮೇಲೆ ಬಾಗಿಲ ಗಂಟೆಯ ಸದ್ದಾಯಿತು. ತೆಗೆದರೆ ಭಾವೂಜಿ. ಅಷ್ಟು ವರ್ಷದಲ್ಲಿ ಅವರು ನಮ್ಮ ಮನೆಯ ಗಂಟೆ ಒತ್ತಿದ್ದು ಅದೇ ಮೊದಲು. ಒಳಗೆ ಬರಲಿಲ್ಲ. "ಮಾಫ್ ಕರಾ ವಹಿನಿ. ಆ ಹೊತ್ತಿಗೆ ನನಗೆ ಬೇರೇನೂ ತೋಚಲಿಲ್ಲ" ಎಂದರು. "ನಮ್ಮವ್ವನ ಜೀವ ಉಳಿಸಿದಿರಿ" ಎಂದೆ. ಮನಸಾರೆ ಹೇಳಿದೆ, ಸುಳ್ಳಲ್ಲ. ಆದರೆ ಒಳಗೆ ಬನ್ನಿ ಎನ್ನುವುದಕ್ಕೆ ನಾಲಿಗೆ ಏಳಲಿಲ್ಲ.

ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕಿದೆ. ಅವ್ವ ಕರೆದಳು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು, ಒಂದಕ್ಷರ ಬಿಡದೆ.

"ಪಾಪ, ಅವಾ ಇನ್ನೇನ್ ಅನಬೇಕಿತ್ತು?" ಎಂದಳು, ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಾ. "ನನ್ನ ಉಳಿಸ್ಯಾನ. ಒಂದ್ ಮಾತಿಗೆ ಯಾಕಿಷ್ಟು ಕುದೀತಿ?"

"ನಿನಗೇನ್ ಗೊತ್ತಾಗತೈತಿ ಬೇ," ಎಂದೆ. ಅಳು ತಡೆಯಲಾಗಲಿಲ್ಲ. "ನೀ ನಿನ್ನೆ ಮೊನ್ನೆ ಬಂದಾಕಿ. ನಾ ಇಲ್ಲೇ ಮುದುಕಿ ಆಗೇನಿ."

ಅವ್ವ ನನ್ನ ಕೈ ಹಿಡಿದುಕೊಂಡಳು. ಅವಳ ಬೆರಳಿನ ಮೀಟರು ನನ್ನ ಅಂಗೈಗೆ ಒತ್ತುತ್ತಿತ್ತು.

ಶ್ರಾವಣದಲ್ಲಿ ಅವ್ವ ಹೋದಳು, ಹಗಲು ಹೊತ್ತು, ಬೆಳಕಿನಲ್ಲೇ. ತಮ್ಮಂದಿರು ಹುಬ್ಬಳ್ಳಿಯಿಂದ ಬಂದು ಮುಟ್ಟುವ ತನಕ ಭಾವೂಜಿ ಅವಳ ತಲೆದೆಸೆಯಲ್ಲಿ ಕೂತಿದ್ದರು. ಸ್ಮಶಾನಕ್ಕೆ ಒಯ್ಯುವಾಗ ಹೆಗಲೂ ಕೊಟ್ಟರು. ಮಶೀನನ್ನು ಬಾಡಿಗೆಗೆ ಕೊಟ್ಟವರಿಗೆ ವಾಪಸು ಕೊಡಲು ಲಿಫ್ಟಿನಲ್ಲಿ ಇಳಿಸಿದ್ದೂ ಅವರೇ. ಅವರು ಒಳ್ಳೆಯ ಮನುಷ್ಯ. ಇದನ್ನು ಮತ್ತೆ ಮತ್ತೆ ಹೇಳುತ್ತೇನೆ, ಯಾಕೆಂದರೆ ಕೆಟ್ಟವರಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಈಗ ಎದುರು ಸಿಕ್ಕಿದರೆ ಇಬ್ಬರೂ ನಗುತ್ತೇವೆ, ಬಿಸಿಲಿನ ಮಾತಾಡುತ್ತೇವೆ, ಅವರವರ ಬಾಗಿಲಿಗೆ ಹೋಗುತ್ತೇವೆ.

ಮತ್ತೆ ಮೇ ಬಂತು. ಈ ಸಲ ನಮ್ಮನ್ನು ಮೀಟಿಂಗಿಗೆ ಯಾರೂ ಕರೆಯಲಿಲ್ಲ. ಕರೆಯಲು ಮರೆತರೇನೋ ಎಂದುಕೊಂಡೆ. ಆ ಸಂಜೆ ಹೊತ್ತಿಗೆ ಸರಿಯಾಗಿ ಕೂಲರುಗಳ ಸದ್ದು ನಿಂತಿತು, ಎದುರಿನ ಬಿಲ್ಡಿಂಗು ಕತ್ತಲಾಯಿತು. ನಮ್ಮ ಹಾಲಿನ ಟ್ಯೂಬ್‌ಲೈಟು ಝಗಝಗ ಉರಿಯುತ್ತಲೇ ಇತ್ತು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಯಜಮಾನರು ಟೀವಿ ನೋಡುತ್ತಿದ್ದರು.

ನಾನು ಸ್ವಲ್ಪ ಹೊತ್ತು ಕೂತೆ. ಕೈಯಳತೆಯಲ್ಲೇ ಗೋಡೆಯ ಸ್ವಿಚ್ಚಿತ್ತು, ಒತ್ತಿದರೆ ಮುಗಿಯುತ್ತಿತ್ತು. ಅದಲ್ಲ ನನಗೆ ಬೇಕಾದದ್ದು. ಎದ್ದು, ಮೊಬೈಲಿನ ಬೆಳಕು ಹಿಡಿದುಕೊಂಡು, ನಾಲ್ಕು ಮಹಡಿ ಮೆಟ್ಟಿಲಿಳಿದು ಮೀಟರ್ ಕೋಣೆಗೆ ಹೋದೆ. ಭಾವೂಜಿ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು. ಸಾಲಿನಲ್ಲಿ ಎಲ್ಲಾ ಸ್ವಿಚ್ಚುಗಳೂ ಕೆಳಗೆ, ನಮ್ಮದೊಂದು ಮೇಲೆ.

"ಅವ್ವ ಹೋಗಿ ಎಷ್ಟು ತಿಂಗಳಾಯಿತು ಭಾವೂಜಿ. ನಮ್ಮದನ್ನು ಯಾಕೆ ಬಿಟ್ಟಿರಿ?" ಎಂದೆ.

"ತುಮ್ಹಾಲಾ ಕಶಾಲಾ ತ್ರಾಸ್, ವಹಿನಿ," ಎಂದರು. ನಿಮಗೆ ಯಾಕೆ ತೊಂದರೆ. ಆ ಮಾತಿನಲ್ಲಿ ಒಂದಿಷ್ಟೂ ಕೆಡುಕಿರಲಿಲ್ಲ. ನನಗೆ ಕಣ್ಣು ಕತ್ತಲೆ ಬರುವಷ್ಟು ಸಿಟ್ಟು ಬಂತು.

ಬೇರೆ ವಿದರ್ಭ ಆದರೆ ಒಳ್ಳೆಯದೋ ಕೆಟ್ಟದ್ದೋ ನನಗೆ ಇವತ್ತಿಗೂ ಖಾತ್ರಿಯಿಲ್ಲ. ನಾಳೆ ಯಾರಾದರೂ ಬಂದು ಬಿಡಿಸಿ ಹೇಳಿದರೆ ಬೇಡ ಎಂದೇ ಅಂದೇನು. "ಕೇಳಬೇಕಿತ್ತಲ್ಲ," ಎಂದೆ. "ಬೇಕೋ ಬೇಡವೋ ಅಂತ ನನ್ನನ್ನೂ ಒಂದು ಮಾತು ಕೇಳಬೇಕಿತ್ತಲ್ಲ."

ಅವರು ಎದ್ದು ಪಕ್ಕಕ್ಕೆ ಸರಿದರು. ಸ್ವಿಚ್ಚು ಬಿಗಿಯಾಗಿತ್ತು, ಎರಡೂ ಕೈ ಹಾಕಿ ಎಳೆದೆ. ಮೇಲೆ ನಮ್ಮ ಮನೆ ಕತ್ತಲಾಯಿತು. ಮರುಕ್ಷಣವೇ ಬಾಲ್ಕನಿಗೆ ಬಂದು ಯಜಮಾನರು ಗಾಬರಿಯಿಂದ ಕೂಗಿದರು, "ಯಾರ್ರೀ ಅದು, ನಮ್ಮ ಲೈಟ್ ತಗದಾವ್ರು?"

ನಾನು ಅಂಗಳಕ್ಕೆ ಬಂದು, ಇಡೀ ಬಿಲ್ಡಿಂಗಿಗೆ ಕೇಳುವ ಹಾಗೆ ಕೂಗಿದೆ.

"ನಾನ ರೀ! ನಾನ ತಗದೇನಿ!"