ಪ್ರಸಾದದ ರೊಟ್ಟಿ ಸುಡುವ ಮನೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚರ್ಚಿನ ಹಿಂದಿನ ಓಣಿಯಲ್ಲಿ ಒಂದೇ ಒಂದು ಕಿಟಕಿಯಿಂದ ಹಬೆ ಹೊರಬರುತ್ತಿದೆ. ಒಳಗೆ ಕಾಲಿಟ್ಟರೆ ಗೋಡೆ ಯಾವುದು, ಹಬೆ ಯಾವುದು ತಿಳಿಯುವುದಿಲ್ಲ. ಹಿಟ್ಟಿನ ಧೂಳು ದೀಪದ ಸುತ್ತ ನಿಧಾನವಾಗಿ ತಿರುಗುತ್ತಿದೆ. ಅದರ ನಡುವೆ ತಲೆಗೆ ಬಿಳಿ ಬಟ್ಟೆ ಕಟ್ಟಿದ ಹೆಂಗಸೊಬ್ಬರು ಅಚ್ಚು ಕೊರೆದ ಕಾವಲಿಯ ಮೇಲೆ ಒಂದು ಸೌಟು ತೆಳು ಹಿಟ್ಟು ಹುಯ್ದು, ಅದರ ಜೋಡಿ ಕಾವಲಿಯನ್ನು ಮೇಲಿನಿಂದ ಮುಚ್ಚುತ್ತಾರೆ. ಚುಂಯ್ ಎನ್ನುತ್ತದೆ. "ಇದು ಕಿವುಡಜ್ಜನ ಬೆಂಚು," ಎನ್ನುತ್ತಾರೆ. ನನಗೆ ಹೇಳಿದ್ದಲ್ಲ, ಕಾವಲಿಗೆ.

ಓಣಿಯ ಮಕ್ಕಳು ಇವರನ್ನು ರೊಟ್ಟಿಯಕ್ಕ ಎನ್ನುತ್ತಾರೆ. ಭಾನುವಾರದ ಬಲಿಪೂಜೆಯಲ್ಲಿ ಗುರುಗಳು ಪ್ರಸಾದವಾಗಿ ಕೊಡುವ, ನಾಲಗೆಯ ಮೇಲೆ ಇಟ್ಟರೆ ಕರಗುವ ಆ ಬಿಳಿ ಬಿಲ್ಲೆಗಳನ್ನು ಸುಡುವುದು ಇವರೇ. ಹಿಟ್ಟು, ನೀರು ಬಿಟ್ಟರೆ ಮತ್ತೇನೂ ಹಾಕುವಂತಿಲ್ಲ, ಚಿಟಿಕೆ ಉಪ್ಪು ಕೂಡ. ಪೂಜೆಗೆ ಬರುವವರು ನೂರಾರು. ಇದು ಎಲ್ಲಿಂದ ಬರುತ್ತದೆಂದು ಕೇಳಿದವರು ಬೆರಳೆಣಿಕೆಯಷ್ಟೂ ಇಲ್ಲ.

ವಿದ್ಯೆ ಅತ್ತೆಯಿಂದ ಬಂದದ್ದು. ಕಾವಲಿಯಿಂದ ತೆಗೆದ ತೆಳು ರೊಟ್ಟಿಯ ಹಾಳೆಯನ್ನು ಒಂದು ರಾತ್ರಿ ತೇವದ ಕೋಣೆಯಲ್ಲಿಟ್ಟು ಮೆತ್ತಗಾದ ಮೇಲೆ ಬಿಲ್ಲೆ ಕತ್ತರಿಸಬೇಕು. ಹೊಸದಾಗಿ ಬಂದ ಸೊಸೆ ಜಾಣತನ ತೋರಿಸಲು ಹೋಗಿ ಗರಿಗರಿ ಹಾಳೆಯನ್ನೇ ಕತ್ತರಿಸಿದರಂತೆ. ಎಲ್ಲ ಪುಡಿಪುಡಿ. "ನಮ್ಮತ್ತೆ ಬೈಲೇ ಇಲ್ಲ. ಈ ವಾರ ಗುರುಗಳು ಎಲ್ಲರ ಬಾಯಿಗೂ ಚಿಟಿಕೆ ಚಿಟಿಕೆ ಉದುರಿಸ್ಲಿ ಬಿಡು ಅಂದ್ರು. ಬೈದಿದ್ರೇ ವಾಸಿ ಇತ್ತು," ಎಂದು ರೊಟ್ಟಿಯಕ್ಕ ನಗುತ್ತಾರೆ. ಅತ್ತೆ ಹೋದರು, ಗಂಡನೂ ಹೋದ. ಮೊಣಕಾಲು ಮಾತು ಕೇಳುವುದಿಲ್ಲ. ಮುಂಗೈ ತುಂಬ ಹಳೆಯ ಸುಟ್ಟ ಕಲೆಗಳು.

ಒಂದೊಂದು ಹಾಳೆ ಹುಯ್ಯುವಾಗಲೂ ಚರ್ಚಿನ ಒಂದೊಂದು ಬೆಂಚನ್ನು ನೆನೆಯುವುದು ಈ ಮನೆಯ ಪದ್ಧತಿ. ಕಿವುಡಜ್ಜನದು, ಅವಳಿ ಮಕ್ಕಳ ತಾಯಿಯದು, ಪೂಜೆಯುದ್ದಕ್ಕೂ ತೂಕಡಿಸುವ ಬ್ಯಾಂಕಿನವರದು. ಸಾಲಾಗಿ ಬೆಂಚುಗಳು ಹಬೆಯೊಳಗೆ ಬಂದು ಕೂತು ಹೋಗುತ್ತವೆ. ಪೂಜೆ, ಪ್ರಾರ್ಥನೆ ಎಂದರೆ ದೂರದಿಂದಲೇ ಕೈಮುಗಿಯುವ ನನಗೂ ಆ ಬೆಚ್ಚನೆಯ ಕೋಣೆಯಲ್ಲಿ, ಅರೆ ಎಚ್ಚರ ಅರೆ ನಿದ್ದೆಯಲ್ಲಿ, ಯಾರೋ ನನ್ನ ಹೆಸರು ಹಿಡಿದು ಕಾವಲಿ ಮುಚ್ಚಿದಂತಾಗುತ್ತದೆ. ಹಿತವೆನಿಸುತ್ತದೆ, ಸುಳ್ಳು ಯಾಕೆ ಹೇಳಲಿ.

ಆದರೆ ಕಿಟಕಿ ಪಕ್ಕದ ಬೆಂಚಿನ ಸರದಿ ಬಂದಾಗ ಇಬ್ಬರೂ ಮಾತಾಡುವುದಿಲ್ಲ. ಇಬ್ಬರು ಎಂದೆ. ಇನ್ನೊಬ್ಬಳು ರೊಟ್ಟಿಯಕ್ಕ ತಂಗಿ ಎಂದು ಕರೆಯುವ, ಮೂವತ್ತು ದಾಟಿದ ಹೆಣ್ಣುಮಗಳು. ಮೊದಲು ಪಾರ್ಸಲ್ ಕಂಪನಿಯ ವ್ಯಾನ್ ಓಡಿಸುತ್ತಿದ್ದವಳು. ಒಂದು ಮಧ್ಯಾಹ್ನ ಎರಡನೇ ಪಾಳಿಯಲ್ಲಿ, ಸ್ಟೀರಿಂಗ್ ಮೇಲೆಯೇ ಕಣ್ಣು ಮುಚ್ಚಿಹೋಗಿ, ಸೈಕಲ್ ಮೇಲೆ ಹೋಗುತ್ತಿದ್ದ ಹುಡುಗಿಯೊಬ್ಬಳಿಗೆ ವ್ಯಾನ್ ಹಾಯಿಸಿದಳು. ಹುಡುಗಿ ಉಳಿಯಲಿಲ್ಲ. ತಂಗಿ ಜೈಲಿಗೆ ಹೋದಳು. ಜೈಲಿನಲ್ಲೂ ಪೂಜೆ ನಡೆಯುತ್ತದೆ. ಅಲ್ಲಿಗೆ ಪ್ರಸಾದ ಒಯ್ಯುತ್ತಿದ್ದ ರೊಟ್ಟಿಯಕ್ಕ, ಬಿಡುಗಡೆಯಾದ ದಿನ ಯಾರೂ ಕರೆದೊಯ್ಯಲು ಬಾರದ ಈಕೆಯನ್ನು ನೇರವಾಗಿ ಒಲೆಯ ಮುಂದೆ ತಂದು ನಿಲ್ಲಿಸಿದರು.

ಸತ್ತ ಹುಡುಗಿಯ ತಾಯಿ ಟೈಲರ್. ಮಗಳು ಬಿದ್ದ ರಸ್ತೆಯನ್ನು ದಿನಾ ನೋಡಲಾರದೆ ಮನೆ ಬದಲಿಸಿ ಈ ಕಡೆ ಬಂದವರು. ಕಿಟಕಿ ಪಕ್ಕದ ಬೆಂಚು ಅವರದು. ಅದು ರೊಟ್ಟಿಯಕ್ಕನಿಗೆ ಗೊತ್ತಿತ್ತು, ತಂಗಿಗೆ ಗೊತ್ತಿರಲಿಲ್ಲ. ರೊಟ್ಟಿಯಕ್ಕ ಇಬ್ಬರಿಗೂ ಹೇಳಲಿಲ್ಲ. ಆ ಒಂದು ಬೆಂಚಿನ ಹಾಳೆಯನ್ನು ಮಾತ್ರ ತಾವೇ ಹುಯ್ಯುತ್ತಿದ್ದರು. ಅಷ್ಟಕ್ಕೇ ಎಲ್ಲ ಸರಿಹೋಯಿತು ಅಂದುಕೊಂಡಿದ್ದರು, ಪಾಪ.

ಒಂದು ಶನಿವಾರ ರೊಟ್ಟಿಯಕ್ಕನಿಗೆ ಜ್ವರ. ಎಲ್ಲ ಹಾಳೆಯನ್ನೂ ತಂಗಿಯೇ ಸುಟ್ಟು, ಹಿಂದಿನ ದಿನದ ಬಿಲ್ಲೆಗಳ ಡಬ್ಬಿ ಹಿಡಿದು ಚರ್ಚಿಗೆ ಹೋದಳು. ಪೀಠಕ್ಕೆ ಹೊಸ ಬಟ್ಟೆಯ ಅಳತೆ ತೆಗೆಯುತ್ತಾ ನಿಂತಿದ್ದವರು ಟೈಲರಮ್ಮ. ಕೋರ್ಟಿನಲ್ಲಿ ದಿನಗಟ್ಟಲೆ ನೋಡಿದ ಮುಖವನ್ನು ಯಾರು ಮರೆಯುತ್ತಾರೆ? ಮರುದಿನ ಎಲ್ಲರೂ ಪ್ರಸಾದಕ್ಕೆ ಸಾಲು ನಿಂತಾಗ ಅವರೊಬ್ಬರೇ ಬೆಂಚಿನಿಂದ ಏಳಲಿಲ್ಲ. ಅಂದಿನಿಂದ ಇಂದಿನವರೆಗೂ ಎದ್ದಿಲ್ಲ.

ಬಾಯಿಂದ ಬಾಯಿಗೆ ಸುದ್ದಿ ಹಬ್ಬಿತು. ಆ ಹೆಣ್ಣನ್ನು ಕಳಿಸಿಬಿಡಿ, ಇಲ್ಲದಿದ್ದರೆ ಮಿಷಿನ್ನಿನಲ್ಲಿ ಮಾಡಿದ ಬಿಲ್ಲೆಗಳು ಪ್ಯಾಕೆಟ್ಟಿನಲ್ಲಿ ಸಿಗುತ್ತವೆ ಎಂದರು ಚರ್ಚಿನ ಹಿರಿಯರು. ಗುರುಗಳದು ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಪಾಡು. "ಕಳಿಸಲ್ಲ ಅಂದೆ," ಎನ್ನುತ್ತಾರೆ ರೊಟ್ಟಿಯಕ್ಕ. "ಆದ್ರೆ ಹಿರಿಯರು ಹೇಳಿದ್ದಕ್ಕಲ್ಲ ನಂಗೆ ನಿದ್ದೆ ಬರದೇ ಇದ್ದದ್ದು. ಆ ತಾಯಿ ಪ್ರಸಾದ ಬಿಟ್ಟು ಕೂತಿದ್ದಾರಲ್ಲ, ಅದಕ್ಕೆ. ಯೇಸುಸ್ವಾಮಿ ಕ್ಷಮಿಸು ಅಂದ್ರು, ಸರಿ. ಅವರ ಪಾಲಿನ ಕ್ಷಮೇನ ಅವರನ್ನ ಕೇಳದೇ ನಾನೇ ಕೊಟ್ಬಿಟ್ಟಿದ್ದೆ. ಅದು ನನ್ನ ಗಂಟಾ, ಕೊಡೋಕೆ?"

ಮೊಣಕಾಲು ನೋವಿನಲ್ಲೇ ಟೈಲರಮ್ಮನ ಮನೆಯ ಮೆಟ್ಟಿಲು ಹತ್ತಿದರು.

"ಅವಳನ್ನ ಕ್ಷಮಿಸು ಅನ್ನೋಕೆ ಬಂದ್ರಾ ಅಕ್ಕ?" ಎಂದು ಕೇಳಿದರಂತೆ ಟೈಲರಮ್ಮ, ಹೊಲಿಗೆ ಮಿಷಿನ್ನಿನಿಂದ ತಲೆ ಎತ್ತದೆ.

"ಇಲ್ಲಮ್ಮ. ನಿಮ್ಮಿಂದ ಮುಚ್ಚಿಟ್ಟೆ, ತಪ್ಪಾಯ್ತು ಅನ್ನೋಕೆ ಬಂದೆ."

ಮಿಷಿನ್ ನಿಂತಿತು. ತಂಗಿ ಅಂದು ಓಡಿಸುತ್ತಿದ್ದದ್ದು ಎರಡನೇ ಪಾಳಿಯೆಂದು ರೊಟ್ಟಿಯಕ್ಕನಿಂದ ತಿಳಿದ ಮೇಲೆ ಟೈಲರಮ್ಮ ಕೇಳಿದ್ದು ಒಂದೇ. ಆ ದಿನ ಅವಳು ಎರಡು ಪಾಳಿ ಗಾಡಿ ಓಡಿಸುವಂತೆ ಮಾಡಿದವರು ಯಾರು? ಕೋರ್ಟಿನಲ್ಲಿ ತಂಗಿ ಆ ಮಾತೇ ಎತ್ತಿರಲಿಲ್ಲ. ತಪ್ಪೆಲ್ಲ ನನ್ನದೇ ಎಂದು ಒಪ್ಪಿಕೋ, ನಿಮ್ಮಪ್ಪನ ಔಷಧಿ ನಾವು ನೋಡಿಕೊಳ್ಳುತ್ತೇವೆ ಎಂದಿದ್ದರು ಕಂಪನಿಯವರು. ಇವಳು ಒಪ್ಪಿಕೊಂಡಳು, ಅವರು ನೋಡಿಕೊಳ್ಳಲಿಲ್ಲ. ಅಪ್ಪ ತೀರಿಕೊಂಡದ್ದು ಇವಳಿಗೆ ಜೈಲಿನಲ್ಲಿ ತಿಳಿಯಿತು. ಈಗ ಟೈಲರಮ್ಮ ಕಂಪನಿಯ ಮೇಲೆ ಕೇಸು ಹಾಕಿದ್ದಾರೆ. ಗುರುವಾರ ವಿಚಾರಣೆ. ತಂಗಿ ಬಾಯಿ ಬಿಡದಿದ್ದರೆ ಅದು ಅಲ್ಲಿಗೇ ಮುಗಿದಂತೆ.

"ಆಗ ಸುಳ್ಳು ಹೇಳಿದ್ದೆ ಅಂತ ಒಪ್ಪಿಕೊಂಡ್ರೆ ನನ್ನನ್ನ ಮತ್ತೆ ಒಳಗೆ ಹಾಕ್ತಾರೋ ಏನೋ," ಎನ್ನುತ್ತಾಳೆ ತಂಗಿ, ಬಿಲ್ಲೆಗಳ ಅಂಚಿನ ಚೂರನ್ನು ಬೆರಳಲ್ಲಿ ಪುಡಿ ಮಾಡುತ್ತಾ. "ಎರಡನೇ ಪಾಳಿಗೆ ಫೋನಲ್ಲಿ ಬಂದ ಆರ್ಡರ್ ಬೇಡ ಅಂದ್ರೆ ಮಾರನೇ ದಿನ ಕೆಲಸಾನೇ ಇರ್ತಿರ್ಲಿಲ್ಲ. ಇದನ್ನ ಹೇಳಬೇಕು. ಹೇಳೋಕೆ ಭಯ. ಹೇಳದೇ ಇರೋಕೂ ಆಗ್ತಿಲ್ಲ." ರೊಟ್ಟಿಯಕ್ಕ ಹೋಗು ಎನ್ನುವುದಿಲ್ಲ, ಬೇಡ ಎನ್ನುವುದಿಲ್ಲ. ನನಗೆ ಅವರ ಮೇಲೆ ಸಣ್ಣ ಸಿಟ್ಟೇ ಬರುತ್ತದೆ. ಒಂದು ಮಾತು ಹೇಳಬಾರದೇ? ಅವರು ಹಿಟ್ಟು ಕಲಕುತ್ತಲೇ ಇದ್ದಾರೆ.

ಬಾಗಿಲಲ್ಲಿ ನೆರಳು ಬೀಳುತ್ತದೆ. ಹಬೆಯಾಚೆ ಯಾರೋ ನಿಂತಿದ್ದಾರೆ, ಕೊರಳಲ್ಲಿ ಅಳತೆಯ ಟೇಪು ಹಾಗೇ ಇದೆ. ಟೈಲರಮ್ಮ ಈ ಮನೆಯ ಹೊಸ್ತಿಲಿಗೆ ಬಂದದ್ದು ಇದೇ ಮೊದಲು. ತಂಗಿ ಆಗತಾನೇ ಹಿಟ್ಟು ಹುಯ್ದು ಕಾವಲಿ ಮುಚ್ಚಿದ್ದಾಳೆ. ಹಿಡಿಯ ಮೇಲಿನ ಕೈ ಅಲ್ಲೇ ಮರಗಟ್ಟಿದೆ. ಬಿಳಿ ಹಬೆ ನಿಧಾನವಾಗಿ ಕಂದು ಹೊಗೆಯಾಗುತ್ತದೆ.

"ಸೀದು ಹೋಗ್ತಿದೆ," ಎನ್ನುತ್ತಾರೆ ಟೈಲರಮ್ಮ. "ತೆಗಿ."

ಆ ತಾಯಿ ಅವಳ ಜೊತೆ ಆಡಿದ ಮೊಟ್ಟಮೊದಲ ಮಾತು ಅದು. ತಂಗಿ ಕಾವಲಿ ಎತ್ತುತ್ತಾಳೆ. ಹಾಳೆ ಕರಿ ಹತ್ತಿದೆ. ಅದನ್ನು ಪಕ್ಕಕ್ಕಿಟ್ಟು, ತಲೆ ತಗ್ಗಿಸಿಯೇ, "ಬರ್ತೀನಮ್ಮ. ಎಲ್ಲಾ ಹೇಳ್ತೀನಿ. ಏನಾದ್ರೂ ಆಗ್ಲಿ," ಎನ್ನುತ್ತಾಳೆ.

ಟೈಲರಮ್ಮನ ಮುಖ ಸಡಿಲವಾಗುವುದಿಲ್ಲ. "ಬೆಳಗಿನ ಬಸ್ಸು. ನಾನು ಮುಂದೆ ಕೂತಿರ್ತೀನಿ. ನೀನು ಹಿಂದೆ ಕೂತ್ಕೋ," ಎಂದಷ್ಟೇ ಹೇಳಿ ಓಣಿಗೆ ಇಳಿಯುತ್ತಾರೆ. ನನ್ನ ಕಣ್ಣು ಉರಿಯುತ್ತದೆ. ಹೊಗೆಯಿಂದ ಎಂದು ಹೇಳಿಕೊಳ್ಳಬಹುದಿತ್ತು, ಆದರೆ ಅಲ್ಲ.

ರೊಟ್ಟಿಯಕ್ಕ ಸೀದ ಕಾವಲಿಯನ್ನು ಒರೆಸುತ್ತಾರೆ. ಗುರುವಾರ ಒಲೆ ಹಚ್ಚುವುದಿಲ್ಲವಂತೆ. ಇಷ್ಟು ವರ್ಷಗಳಲ್ಲಿ ಗಂಡ ಸತ್ತ ದಿನ ಬಿಟ್ಟರೆ ಇದೇ ರಜೆ. ಹಿರಿಯರು ಕೇಳಿದರೆ ಏನು ಹೇಳುತ್ತೀರಿ ಎಂದು ಕೆಣಕುತ್ತೇನೆ.

"ಕೋರ್ಟಿಗೆ ಹೋಗಿದ್ದೆ ಅಂತೀನಿ. ಅದೂ ಇದೇ ಕೆಲಸ ತಾನೇ?" ಎನ್ನುತ್ತಾರೆ. ಮೊಣಕಾಲು ನೀವಿಕೊಂಡು ಎದ್ದು ನಿಂತು, ಸ್ವಲ್ಪ ಹೊತ್ತು ಓಣಿಯ ಕಡೆ ನೋಡುತ್ತಾರೆ. "ಬಸ್ಸಲ್ಲಿ ಅವರಿಬ್ಬರ ಮಧ್ಯ ಎಲ್ಲಾದ್ರೂ ಒಂದು ಸೀಟು ಸಿಕ್ಕಿದ್ರೆ ಸಾಕು ನಂಗೆ."